ವ್ಯಾನಿನಲ್ಲಿ 500 ಲೀಟರ್ ನೀರು

ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಸಿಂಪರಣೆಗೆ ತೋಟಕ್ಕೆ ನೀರು ಒಯ್ಯುವ ವ್ಯಾನುಗಳಲ್ಲಿ ಟ್ಯಾಂಕಿಗೆ ನೈಲಾನ್ ಹಗ್ಗ ಸುತ್ತಿರುವುದೇ ಹೆಚ್ಚು. 500 ಲೀಟರ್ ನೀರೆಂದರೆ ಅರ್ಧ ಟನ್. ಸಂಪಾಜೆ ಘಾಟಿಯ ಇಳಿಜಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಸುಮಾರು 400 ಕೆಜಿ ಬಲ ಮುಂದಕ್ಕೆ ನೂಕುತ್ತದೆ. ಹಗ್ಗ ಹಿಗ್ಗುತ್ತದೆ, ಟ್ಯಾಂಕು ಡ್ರೈವರ್ ಬೆನ್ನಿಗೆ ಬರುತ್ತದೆ.

ತಗ್ಗಾದ, ಅಗಲವಾದ ಟ್ಯಾಂಕೇ ಇರಲಿ. ಕೆಳಗೆ ರಬ್ಬರ್ ಮ್ಯಾಟ್, ಸುತ್ತ ಆಂಗಲ್ ಐರನ್ ಚೌಕಟ್ಟು. ಚೌಕಟ್ಟನ್ನು ಬರೀ ತಗಡಿಗೆ ಬಿಗಿದರೆ ತೂತು ಹರಿದು ಬೋಲ್ಟು ಕಿತ್ತು ಬರುತ್ತದೆ. ಚಾಸಿಯ ಅಡ್ಡಪಟ್ಟಿಗೇ 8.8 ದರ್ಜೆಯ (ಹೆಚ್ಚು ಗಟ್ಟಿ ಉಕ್ಕಿನ) ಎಂ10, ಅಂದರೆ 10 ಮಿಮೀ ದಪ್ಪದ ಬೋಲ್ಟು ಹಾಕಿ, ನೈಲಾಕ್ ನಟ್ (ಅದುರಿದರೂ ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್) ಬಿಗಿಯಿರಿ. ಮೇಲೆ 50 ಮಿಮೀ ಅಗಲದ ರ‍್ಯಾಚೆಟ್ ಬೆಲ್ಟು (ಹಿಡಿ ಆಡಿಸಿ ಬಿಗಿ ಮಾಡುವ ಪಟ್ಟಿ) ಎರಡು. ನೀರು ತುಂಬಿದ ಮೇಲೆ ಪ್ಲಾಸ್ಟಿಕ್ ಉಬ್ಬಿ ಕೂರುತ್ತದೆ, ಹಾಗಾಗಿ ಒಂದೆರಡು ಕಿಲೋಮೀಟರ್ ಓಡಿಸಿ ಮತ್ತೆ ಬಿಗಿ ಮಾಡಿ.

ಅರ್ಧ ತುಂಬಿದ ಟ್ಯಾಂಕು ತಿರುವಿನಲ್ಲಿ ಇನ್ನೂ ಕಾಟ: ನೀರು ಒಂದೇ ಕಡೆ ಅಪ್ಪಳಿಸುತ್ತದೆ. ಒಳಗೆ ತಡೆಹಲಗೆ ಇಲ್ಲದಿದ್ದರೆ ಪೂರ್ತಿ ತುಂಬಿಸಿ, ಇಲ್ಲವೇ ಖಾಲಿ ತನ್ನಿ.