ಬಾಳೆಕಾಯಿ ಹುಡಿ ಸುದ್ದಿಯಾದ ಕಥೆ

ಕಾಸರಗೋಡಿನ ಕನ್ನಡದವರು ನಮ್ಮೂರಲ್ಲಿ ಎಂತಾಯ್ತು ಅಂತ ತಿಳೀಲಿಕ್ಕೆ ಟೀವಿ ಹಾಕುದಿಲ್ಲ, ವಾಟ್ಸಾಪ್ ನೋಡ್ತಾರೆ. ಬೆಂಗಳೂರಿನ ಚಾನೆಲಿಗೆ ನಾವು ಕೇರಳ. ತಿರುವನಂತಪುರದ ಚಾನೆಲಿಗೆ ನಾವು ಮಳೆಯ ರೆಡ್ ಅಲರ್ಟ್ ಓದುವಾಗ ಕೊನೆಗೆ ಬರುವ ಹೆಸ್ರು. ಪೇಪರಲ್ಲಿ ನಮಗೆ ಅಂತ ಜಾಗ ಉಂಟು, ಇಲ್ಲ ಅಂತ ಹೇಳುದಿಲ್ಲ, ಆದ್ರೆ ಅದು ಬ್ರಹ್ಮಕಲಶಕ್ಕೆ, ಯಕ್ಷಗಾನಕ್ಕೆ, ಮತ್ತೆ ತೀರಿಕೊಂಡವರ ಫೋಟೋಕ್ಕೇ ಸಾಕಾಗ್ತದೆ. 2020ರ ಮಾರ್ಚಲ್ಲಿ ಕೊರೊನಕ್ಕೆ ಅಂತ ತಲಪಾಡಿ ಗಡಿ ಬಂದ್ ಆಗಿ ಕರ್ನಾಟಕಕ್ಕೆ ಹೋಗುವ ಒಳರಸ್ತೆಗೆಲ್ಲ ಮಣ್ಣು ಸುರಿದಾಗ ನಾವು ಆ ಮಣ್ಣಿನ ರಾಶಿ ಮೊದ್ಲು ನೋಡಿದ್ದು ಯಾರೋ ಬೈಕಲ್ಲಿ ಹೋಗಿ ತೆಗೆದ ಅಲ್ಲಾಡುವ ವಿಡಿಯೋದಲ್ಲಿ, ಚಾನೆಲಿನವರು ಬಂದದ್ದು ಮತ್ತೆ.

ಆದ್ರೆ ನಾನು ಹೇಳ್ಬೇಕು ಅಂತಿರುದು ಅದರ ಮರುವರ್ಷದ ಮಳೆಗಾಲದ ಬಗ್ಗೆ. 2021, ಎರಡನೇ ಲಾಕ್‌ಡೌನ್. ಎಲ್ರೂ ಮನೇಲಿ, ಎಲ್ರ ಕೈಯಲ್ಲೂ ಫೋನು. ಆ ಎರಡು ಮೂರು ತಿಂಗಳಲ್ಲಿ ನಮ್ಮ ಕನ್ನಡದ್ದು, ನಮ್ಮೂರಿದ್ದು ಅಂತ ಒಂದರ ಹಿಂದೆ ಒಂದು ಸುದ್ದಿ ಆಯ್ತು, ಎಲ್ಲವನ್ನೂ ಎಬ್ಬಿಸಿದ್ದು ಪತ್ರಕರ್ತರಲ್ಲ, ಕೆಲಸ ಇಲ್ಲದೆ ಕೂತ ನಮ್ಮಂಥವರು.

ಮೇ 24ಕ್ಕೆ ಕೇರಳ ವಿಧಾನಸಭೆಯಲ್ಲಿ ಹೊಸ ಶಾಸಕರ ಪ್ರಮಾಣವಚನ. ಮಂಜೇಶ್ವರದ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲಿ ಪ್ರಮಾಣ ಮಾಡಿದ್ರು. ಸಣ್ಣ ಕ್ಲಿಪ್ ಅದು, ನಮಗೇನು ಅದು ಭಾರೀ ಹೊಸತಲ್ಲ, ಇಲ್ಲಿಯ ರಾಜಕಾರಣಿಗಳು ಕನ್ನಡ, ಮಲಯಾಳ, ತುಳು ಮೂರ್ರಲ್ಲೂ ಭಾಷಣ ಮಾಡುವವರೇ. ಆದ್ರೆ ಬೆಂಗಳೂರು, ಮೈಸೂರಿನವರು ಅದನ್ನು ಶೇರ್ ಮಾಡಿದ ರೀತಿ ನೋಡ್ಬೇಕಿತ್ತು, ಕೇರಳದಲ್ಲಿ ಕನ್ನಡ ಮಾತಾಡುವವರು ಇದ್ದಾರೆ ಅಂತ ಕೆಲವರಿಗೆ ಅವತ್ತೇ ಗೊತ್ತಾದದ್ದು ಅಂತ ಕಾಣ್ತದೆ.

ಜೂನ್ 3ಕ್ಕೆ ಗೂಗಲ್ ಗಲಾಟೆ. ಭಾರತದ ಅತಿ ಕೊಳಕು ಭಾಷೆ ಯಾವುದು ಅಂತ ಹುಡುಕಿದ್ರೆ ಕನ್ನಡ ಅಂತ ತೋರಿಸ್ತಿತ್ತು, ಯಾವುದೋ ಸೈಟಲ್ಲಿ ಯಾರೋ ಬರೆದದ್ದನ್ನು ಮೆಷಿನು ಎತ್ತಿ ಉತ್ತರದ ಜಾಗದಲ್ಲಿ ಕೂರಿಸಿತ್ತು. ಒಂದು ಸ್ಕ್ರೀನ್‌ಶಾಟ್ ಹೊರಟದ್ದು, ಸಂಜೆಯೊಳಗೆ ಸಚಿವರು ನೋಟಿಸಿನ ಮಾತಾಡಿದ್ರು, ಗೂಗಲ್ ಕ್ಷಮೆ ಕೇಳ್ತು. ಇದ್ರಲ್ಲಿ ನನಗೆ ಮುಖ್ಯ ಅಂತ ಕಂಡದ್ದು ಒಂದೇ, ಆ ಸ್ಕ್ರೀನ್‌ಶಾಟನ್ನು ಯಾರು ಬೇಕಾದ್ರೂ ಚೆಕ್ ಮಾಡ್ಬಹುದಿತ್ತು. ಸರ್ಚ್ ಮಾಡು, ಕಣ್ಣಾರೆ ನೋಡು, ಆಮೇಲೆ ಬೈ.

ಅದೇ ಜೂನ್ ಕೊನೆಗೆ ಬಂತು ನೋಡಿ ನಮ್ಮ ಊರಿನ ಹೆಸ್ರಿನ ಪಟ್ಟಿ. ಮಧೂರು ಮಧುರಂ ಆಗ್ತದಂತೆ, ಮಲ್ಲ ಮಲ್ಲಂ ಅಂತೆ, ಕಾರಡ್ಕ ಕಾಡಗಂ, ಬೇಡಡ್ಕ ಬೇಡಗಂ, ಪಿಳಿಕುಂಜೆ ಪಿಳಿಕುನ್ನು, ಕೇರಳ ಸರ್ಕಾರ ಕನ್ನಡದ ಹೆಸ್ರನ್ನೆಲ್ಲ ಅಳಿಸ್ತಾ ಉಂಟು ಅಂತ. ನಮ್ಮ ಫ್ಯಾಮಿಲಿ ಗ್ರೂಪಿಗೆ, ಶಾಲೆಯ ಹಳೇ ವಿದ್ಯಾರ್ಥಿಗಳ ಗ್ರೂಪಿಗೆ, ಹಾಲಿನ ಸೊಸೈಟಿಯ ಗ್ರೂಪಿಗೂ ಬಂತು. ನಾನು ಮೇಲಿಂದ ಕೆಳಗೆ ನೋಡಿದೆ, ಆದೇಶದ ನಂಬ್ರ ಇಲ್ಲ, ತಾರೀಕಿಲ್ಲ, ಯಾವ ಇಲಾಖೆ ಅಂತ ಇಲ್ಲ. ಅಷ್ಟ್ರಲ್ಲಿ ಕುಮಾರಸ್ವಾಮಿಯವರ ಟ್ವೀಟ್ ಬಂತು, ಕರ್ನಾಟಕದಲ್ಲಿ ಹೇಳಿಕೆ ಮೇಲೆ ಹೇಳಿಕೆ, ಟೀವಿಯಲ್ಲಿ ಕೆಂಪು ಅಕ್ಷರ. ಬೆಂಗಳೂರಲ್ಲಿರುವ ಕಸಿನ್ ಫೋನ್ ಮಾಡಿ "ನಿಮ್ಮ ಊರಿನ ಹೆಸ್ರು ಹೋಯ್ತಂತಲ್ಲ" ಅಂತ ಕೇಳಿದ, ನಾನು ಹೊರಗೆ ಬಸ್‌ಸ್ಟಾಪಿನ ಬೋರ್ಡ್ ನೋಡಿ "ಇಲ್ಲಿಯೇ ಉಂಟು ಮಾರಾಯ" ಅಂದೆ.

ಅಂಥ ಆಲೋಚನೆಯೇ ಇಲ್ಲ ಅಂತ ಕೇರಳ ಸರ್ಕಾರ ಹೇಳ್ತು, ಗಲಾಟೆ ತಣ್ಣಗಾಯ್ತು. ಆದ್ರೆ ಇಲ್ಲಿ ಬದುಕುವವರಿಗೆ ಗೊತ್ತಿರುವ ಸಂಗತಿ ಇದೆರಡರ ಮಧ್ಯದಲ್ಲೆಲ್ಲೋ ಉಂಟು. ಆದೇಶ ಇಲ್ಲ, ಸರಿ. ನಮ್ಮ ಜಿಲ್ಲೆಯ ಹೊಸದುರ್ಗ ತಾಲೂಕು ಇವತ್ತಿಗೂ ಹೊಸದುರ್ಗವೇ. ಆದ್ರೆ ಮಲಯಾಳ ಬೋರ್ಡಲ್ಲಿ ಮಂಜೇಶ್ವರ ಮಂಜೇಶ್ವರಂ ಆಗಿ ಎಷ್ಟು ಕಾಲ ಆಯ್ತು, ಬಸ್ಸಿನ ಕಂಡಕ್ಟರ್ ಕೂಗುದು ಹಾಗೆಯೇ, ನಮ್ಮ ಮಕ್ಕಳೂ ಮಲಯಾಳ ಮಾತಾಡುವಾಗ ಹಾಗೇ ಹೇಳುದು. ಇದು ಆದೇಶದಿಂದ ಆದದ್ದಲ್ಲ, ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಿಧಾನಕ್ಕೆ ಆಗ್ತಾ ಬಂದದ್ದು. ನಿಧಾನಕ್ಕೆ ಆಗುವುದನ್ನು ಫಾರ್ವರ್ಡ್ ಮಾಡ್ಲಿಕ್ಕೆ ಆಗುದಿಲ್ಲ ಅಲ್ವಾ, ಅದಕ್ಕೆ ಯಾರೋ ಅದನ್ನು ರಾತ್ರೋರಾತ್ರಿ ಆಗುವ ಹಾಗೆ ಬರೆದ್ರು, ಬರೆದ ಕೂಡ್ಲೆ ಓಡಿತು.

ಕುಂಬಳೆ ಹತ್ರದ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಮೊಸಳೆಯದ್ದೂ ಹೀಗೇ. 2020ರ ಅಕ್ಟೋಬರಲ್ಲಿ ಅದು ಕೆರೆಯಿಂದ ಮೇಲೆ ಬಂದು ದೇವಸ್ಥಾನದ ಅಂಗಳದಲ್ಲಿ ಮಲಗಿದ ಫೋಟೋ ಬಂತು, ಚಂದದ ಫೋಟೋ. ಕುಂಬಳೆ ದಾಟುವಾಗ ಅಂಗಳ ಇದ್ದದ್ದು ಬೇರೆ ಊರಿಗೆ ಮುಟ್ಟುವಾಗ ಗರ್ಭಗುಡಿ ಆಗಿತ್ತು. ಗರ್ಭಗುಡಿಗೆಲ್ಲ ಹೋಗ್ಲಿಲ್ಲ ಅಂತ ದೇವಸ್ಥಾನದವರು ಹೇಳಿದ್ರೂ ಕೇಳುವವರಾರು. 2022ರ ಅಕ್ಟೋಬರ್ 9ಕ್ಕೆ ಬಬಿಯಾ ಸತ್ತಾಗ ಇಡೀ ದೇಶದ ಸುದ್ದಿ, ಕೇಂದ್ರ ಸಚಿವರ ಟ್ವೀಟ್. ನಮ್ಮ ಜಿಲ್ಲೆಯಲ್ಲಿ ಮನುಷ್ಯರು ಸತ್ತಾಗ ಅಷ್ಟು ಸುದ್ದಿ ಆಗಿದ್ದು ನನಗೆ ನೆನಪಿಲ್ಲ, ಇರ್ಲಿ, ಮೊಸಳೆ ಪಾಪದ್ದು.

ಇನ್ನು ಬಾಕಾಹು. ನನ್ನ ಪ್ರಕಾರ ಆ ವರ್ಷದ ನಿಜವಾದ ಕಥೆ ಇದೇ. ಬಾಕಾಹು ಅಂದ್ರೆ ಬಾಳೆಕಾಯಿ ಹುಡಿ. ಲಾಕ್‌ಡೌನಲ್ಲಿ ಬಾಳೆಗೊನೆ ತಗೊಳ್ಳುವವರಿಲ್ಲ, ತೋಟದಲ್ಲೇ ಹಣ್ಣಾಗಿ ಉದುರ್ತಿತ್ತು. ಆಗ ನಮ್ಮ ಪೆರ್ಲದ ಕಡೆಯ ಶ್ರೀಪಡ್ರೆಯವರು ಮತ್ತೆ ಅಡಿಕೆ ಪತ್ರಿಕೆಯವರು ಬಾಳೆಕಾಯಿ ಒಣಗಿಸಿ ಹುಡಿ ಮಾಡಿ ನೋಡಿ ಅಂತ ವಾಟ್ಸಾಪ್ ಗ್ರೂಪಲ್ಲಿ ಶುರು ಮಾಡಿದ್ರು. ಶ್ರೀಪಡ್ರೆ ಯಾರು ಅಂತ ಇಲ್ಲಿಯವರಿಗೆ ಹೇಳುದು ಬೇಡ, ಗೇರುತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಸುರೀತಿದ್ದ ಕಾಲದಲ್ಲೇ ಅದರ ಬಗ್ಗೆ ಬರೆದವರು. ಪುತ್ತೂರಿನ ಅಡಿಕೆ ಪತ್ರಿಕೆ 1988ರಲ್ಲಿ ಶುರುವಾದದ್ದೇ ಕೃಷಿಕರ ಕೈಗೆ ಲೇಖನಿ ಕೊಡ್ಬೇಕು ಅಂತ, ತೋಟದವನು ತನ್ನ ತೋಟದ್ದನ್ನು ತಾನೇ ಬರೀಬೇಕು, ಫೋನ್ ನಂಬ್ರ ಹಾಕ್ಬೇಕು, ಬೇಕಾದವರು ಕೇಳಿ ತಿಳ್ಕೊಳ್ಳಿ ಅಂತ. ಇವತ್ತು ಸೋಶಿಯಲ್ ಮೀಡಿಯಾ ಅಂತ ಹೇಳುದನ್ನು ಅವರು ಅಂಚೆಯಲ್ಲಿ ಮಾಡ್ತಿದ್ರು.

ಗ್ರೂಪಲ್ಲಿ ಆದದ್ದೆಂತ ಅಂದ್ರೆ, ಬರೀ ಫಾರ್ವರ್ಡ್ ಮಾಡಿದ್ರೆ ಅಲ್ಲಿ ಮರ್ಯಾದೆ ಇಲ್ಲ. ನೀನು ಮಾಡಿದ್ದು ತೋರ್ಸು. ನಮ್ಮ ಅತ್ತೆ ನೇಂದ್ರಕಾಯಿಯನ್ನು ತೆಳ್ಳಗೆ ಹೆಚ್ಚಿ, ಕಪ್ಪಾಗ್ಬಾರ್ದು ಅಂತ ಉಪ್ಪು ಹಾಕಿದ ಗಂಜಿತಿಳಿಯಲ್ಲಿ ಅದ್ದಿ, ಬಿಸಿಲಿಲ್ಲದ ಆ ಮಳೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಹರಡಿ ಒಣಗಿಸಿದ್ರು. ಮುರಿದ್ರೆ ಟಕ್ ಅಂತ ಶಬ್ದ ಬಂದ ಮೇಲೆ ಮಿಕ್ಸಿಗೆ. ಮೊದಲ ಸಲದ ದೋಸೆ ಕಾವಲಿಗೆ ಹಿಡ್ಕೊಂಡು ಎದ್ದು ಬರ್ಲೇ ಇಲ್ಲ. ಅದರ ಫೋಟೋವನ್ನೂ ಹಾಕಿದ್ರು, ಶಿರ್ಸಿ ಕಡೆಯ ಯಾರೋ ಅಕ್ಕ ಅಕ್ಕಿ ಜಾಸ್ತಿ ಮಾಡಿ ನೋಡಿ ಅಂತ ವಾಯ್ಸ್ ಮೆಸೇಜ್ ಕಳ್ಸಿದ್ರು, ಮರುದಿನ ಎದ್ದು ಬಂತು. ರೊಟ್ಟಿ, ಗುಲಾಬ್ ಜಾಮೂನು, ಎಲ್ಲದರದ್ದೂ ಫೋಟೋ, ಎಷ್ಟು ಹಾಕಿದ್ದು ಅಂತ ಲೆಕ್ಕ. ಸುಳ್ಳು ಹೇಳ್ಲಿಕ್ಕೆ ಜಾಗವೇ ಇಲ್ಲ, ಯಾಕೆಂದ್ರೆ ಓದಿದವರು ಸಂಜೆಗೆ ಮಾಡಿಯೇ ಬಿಡ್ತಾರೆ. ಪೇಪರಿನವರು ಆಮೇಲೆ ಬರೆದ್ರು. ಜುಲೈ ಕೊನೆಗೆ ಪ್ರಧಾನಿಯ ಮನ್ ಕಿ ಬಾತಲ್ಲೂ ಬಾಳೆಕಾಯಿ ಹುಡಿ ಬಂತು, ಹೇಳಿದ್ದು ಉತ್ತರ ಕನ್ನಡ ಮತ್ತೆ ದಕ್ಷಿಣ ಕನ್ನಡದ ಹೆಂಗಸರ ಕಥೆ. ಪೆರ್ಲ ಬರ್ಲಿಲ್ಲ. ಅತ್ತೆಗೆ ಸ್ವಲ್ಪ ಬೇಜಾರಾಯ್ತು, ನನಗೆ ಅಭ್ಯಾಸ ಆಗಿದೆ.

ಸಿಟ್ಟು ಬರುದು ಬೇರೆ ಕಡೆ. ಇಲ್ಲಿಯ ಕನ್ನಡ ಮೀಡಿಯಂ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕುದು ಎಷ್ಟೋ ವರ್ಷದಿಂದ ನಡೀತಾ ಉಂಟು, ಮಕ್ಕಳು, ಹೆತ್ತವರು ಪ್ರತಿಭಟನೆ ಮಾಡಿದ್ದುಂಟು, ಕೋರ್ಟಿಗೆ ಹೋದದ್ದುಂಟು. ಊರಿನ ಹೆಸ್ರಿಗೆ ಎದ್ದ ಗಲಾಟೆಯ ಕಾಲು ಭಾಗ ಇದಕ್ಕೆ ಏಳ್ಲಿಲ್ಲ. ಕ್ಲಾಸಲ್ಲಿ ಸುಮ್ಮನೆ ಕೂತ ಮಕ್ಕಳ ವಿಡಿಯೋ ಯಾರು ನೋಡ್ತಾರೆ ಅಂತ ಕೇಳ್ತಾರೆ. ಆದ್ರೆ ಬಾಳೆಕಾಯಿ ಒಣಗಿಸುದನ್ನು ಯಾರು ನೋಡ್ತಾರೆ ಅಂತ ಅವತ್ತೂ ಕೇಳಿದ್ರು. ನಮ್ಮ ಹಳೇ ವಿದ್ಯಾರ್ಥಿಗಳ ಗ್ರೂಪಲ್ಲಿ ಈಗ ಮಾಡ್ತಿರುದು ಇಷ್ಟು: ಯಾವ ಶಾಲೆ, ಯಾವ ಕ್ಲಾಸು, ಯಾವ ಸಬ್ಜೆಕ್ಟು, ಎಂದಿನಿಂದ ಅಂತ ಹೆತ್ತವರಲ್ಲೇ ಕೇಳಿ ಬರೆದಿಡುದು, ಜೊತೆಗೆ ಟೈಮ್‌ಟೇಬಲಿನ ಫೋಟೋ. ತಾರೀಕು ಇಲ್ಲದ್ದನ್ನು ಅಡ್ಮಿನ್ ಡಿಲೀಟ್ ಮಾಡ್ತಾರೆ, ಅದಕ್ಕೆ ಇಬ್ರು ಸಿಟ್ಟಾಗಿ ಗ್ರೂಪ್ ಬಿಟ್ಟೂ ಹೋದ್ರು. ನಿಮ್ಮ ಕಡೆಯ ಶಾಲೆಯದ್ದು ಗೊತ್ತಿದ್ರೆ ಬರೀರಿ, ತಾರೀಕು ಹಾಕಿ.