ಬುವೊನ್ ಮ ಥುವೊತ್‌ನ ಕಾಫಿ ಕಣದಲ್ಲಿ

ಕಾಫಿ ರೇಟು ಬಿದ್ದಾಗಲೆಲ್ಲ ನಮ್ಮ ಮನೆಯಲ್ಲಿ ಕೇಳುತ್ತಿದ್ದ ಹೆಸರು ವಿಯೆಟ್ನಾಂ. 2001ರಲ್ಲಿ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ನಾವು ಬೆಳೆಯುವ ರೊಬಸ್ಟಾ ತಳಿಯ ಕಾಫಿಯ ಬೆಲೆ ನೆಲಕಚ್ಚಿತ್ತು. ಕೊಡಗಿನ ಸಿದ್ದಾಪುರದ ಹತ್ತಿರದ ನಮ್ಮ ತೋಟಕ್ಕೆ ಅಪ್ಪ ಆ ವರ್ಷ ಗೊಬ್ಬರವನ್ನೇ ಹಾಕಿಸಲಿಲ್ಲ. "ಅಲ್ಲಿಯವರು ಅಷ್ಟೊಂದು ಬೆಳೆದರೆ ನಾವೇನು ಮಾಡೋದು?" ಅನ್ನುತ್ತಿದ್ದರು. ಆ 'ಅಲ್ಲಿಯವರ' ಊರಿಗೆ ನಾನು ಹೋದದ್ದು 2024ರ ನವೆಂಬರ್‌ನಲ್ಲಿ.

ಹೋ ಚಿ ಮಿನ್ ನಗರದಿಂದ ಬುವೊನ್ ಮ ಥುವೊತ್ ಪಟ್ಟಣಕ್ಕೆ ರಾತ್ರಿ ಬಸ್ಸು. ಬೆಳಗ್ಗೆ ಕಣ್ಣು ಬಿಟ್ಟರೆ ಕೆಂಪು ಮಣ್ಣು. ಮನೆಗಳ ಮುಂದೆಲ್ಲ ಕಾಫಿ ಹಣ್ಣು ಹರವಿದ್ದರು. ಇದು ದಾಕ್ ಲಾಕ್ ಪ್ರಾಂತ್ಯ, ವಿಯೆಟ್ನಾಮಿನ ಕಾಫಿ ಕಣಜ. ನಮ್ಮ ಹಾಗೆ ದಟ್ಟ ನೆರಳಿಲ್ಲ. ಗಿಡಗಳ ನಡುವೆ ಮೆಣಸು, ಡುರಿಯನ್ ಹಣ್ಣಿನ ಮರ. ಇಳುವರಿ ಮಾತ್ರ ಎಕರೆಗೆ ಟನ್ ಲೆಕ್ಕ, ನಮ್ಮ ದುಪ್ಪಟ್ಟು.

ನಾನು ಉಳಿದ ಮನೆಯ ಯಜಮಾನಿ ತನ್ನನ್ನು 'ಚಿ' ಅಂತ ಕರೆಯಲು ಹೇಳಿದರು. ಅಂದರೆ ಅಕ್ಕ. ಉತ್ತರದಿಂದ ಬರಿಗೈಯಲ್ಲಿ ಬಂದ ಕುಟುಂಬ. 1986ರಲ್ಲಿ 'ದೊಯಿ ಮೊಯಿ' ಸುಧಾರಣೆ ಬಂತು, ವ್ಯಾಪಾರ ತೆರೆಯಿತು, ತೋಟ ಎದ್ದಿತು. 1990ರಲ್ಲಿ ವಿಯೆಟ್ನಾಮಿನ ತಲಾ ಜಿಡಿಪಿ 100 ಡಾಲರ್ ಆಸುಪಾಸು, ಭಾರತದ್ದು 350ಕ್ಕೂ ಜಾಸ್ತಿ. 2023ರ ಹೊತ್ತಿಗೆ ಅವರದು 4,000 ದಾಟಿತ್ತು. ನಾವು 2,500ರ ಹತ್ತಿರ ಇದ್ದೆವು. ಒಂದೇ ತಲೆಮಾರಿನಲ್ಲಿ! ಚಿ ಅವರ ಹೊಸ ಮಹಡಿ ಮನೆ ನೋಡಿ ನನಗೆ ನಿಜವಾಗಿ ಖುಷಿಯಾಯಿತು. ಕಾಫಿ ಆಗ ಕಿಲೋಗೆ 1 ಲಕ್ಷ ಡಾಂಗ್ ದಾಟಿತ್ತು. ನಮ್ಮ ಲೆಕ್ಕದಲ್ಲಿ 330 ರೂಪಾಯಿಗೂ ಮೇಲೆ.

ಮಾರನೇ ದಿನ ಆಕೊ ಧೊಂಗ್ ಹಳ್ಳಿಗೆ ಹೋದೆ. ಎಡೆ ಎಂಬ ಬುಡಕಟ್ಟು ಜನರ ಉದ್ದನೆಯ ಮರದ ಮನೆಗಳು. ಅವರಲ್ಲಿ ವಂಶ ಬೆಳೆಯುವುದು ತಾಯಿಯ ಕಡೆಯಿಂದ. ಮಗಳ ಮದುವೆಯಾದರೆ ಮನೆಯನ್ನು ಇನ್ನಷ್ಟು ಉದ್ದ ಮಾಡುತ್ತಿದ್ದರಂತೆ. ಈಗ ಕೆಲವು ಮನೆಗಳಲ್ಲಿ ಕೆಫೆಗಳಿವೆ. ಒಂದು ಕಾಲಕ್ಕೆ ಈ ಗುಡ್ಡನಾಡು ಎಡೆಗಳಂಥ ಬುಡಕಟ್ಟುಗಳದ್ದೇ. 1975ರ ನಂತರ ಸರ್ಕಾರ ದೇಶದ ಬಹುಸಂಖ್ಯಾತರಾದ ಬಯಲಿನ ಕಿನ್ ಜನರನ್ನು ಇಲ್ಲಿ ನೆಲೆಗೊಳಿಸುತ್ತಾ ಬಂತು. ಎಡೆಗಳು ತಮ್ಮ ನೆಲದಲ್ಲೇ ಅಲ್ಪಸಂಖ್ಯಾತರಾದರು.  ಸಣ್ಣ ಸಮುದಾಯಗಳೆಲ್ಲ ಸೇರಿ ಇಡೀ ದೇಶದ ಜನಸಂಖ್ಯೆಯ ಶೇ. 15ರಷ್ಟು. ಆದರೆ ಬಡವರಲ್ಲಿ ಹೆಚ್ಚಿನವರು ಅವರೇ. ದೇಶ ದೇಶಗಳ ನಡುವಿನ ಅಂತರ ಕಡಿಮೆಯಾಗಿದೆ, ಒಳಗಿನದು ಉಳಿದಿದೆ.

ಸಂಜೆ ಚಿ ಅವರ ಕಣದಲ್ಲಿ ಕುಯ್ಲಿನವರು ಚೀಲ ಇಳಿಸುತ್ತಿದ್ದರು. ಕಿಲೋ ಲೆಕ್ಕದಲ್ಲಿ ಕೂಲಿ. ಅವರಲ್ಲಿ ಒಬ್ಬ ಎಡೆ ಹುಡುಗ. ಮೊಬೈಲ್ ಅನುವಾದದಲ್ಲಿ ಮಾತಿಗೆ ಕೂತೆವು.

"ನಿಮ್ಮಲ್ಲಿ ಹಣ್ಣು ಕುಯ್ಯೋರು ಯಾರು?" ಅಂತ ಕೇಳಿದ.

ಅಸ್ಸಾಮಿನಿಂದ ರೈಲಿನಲ್ಲಿ ದಿನಗಟ್ಟಲೆ ಕೂತು ಬರುವವರ ಬಗ್ಗೆ ಹೇಳಿದೆ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ಇರುವ ಎರವ ಆದಿವಾಸಿಗಳ ಬಗ್ಗೆ ಹೇಳಿದೆ. ಅವರು ನಮಗಿಂತ ಮೊದಲೇ ಆ ಕಾಡಿನಲ್ಲಿದ್ದವರು ಅಂತಲೂ ಬರೆದೆ.

ಅವನು ಓದಿದ. ಸ್ವಲ್ಪ ಹೊತ್ತು ಯೋಚಿಸಿದ.

"ಅವರಿಗೆ ತೋಟ ಇದೆಯಾ?"

ಬಹುತೇಕರಿಗೆ ಇಲ್ಲ ಅಂತ ಬರೆದು ತೋರಿಸಿದೆ. ಅವನು ತಲೆಯಾಡಿಸಿ, ಮುಂದಿನ ಚೀಲಕ್ಕೆ ಎದ್ದ. ನಾನೂ ಎದ್ದು ಅದರ ಇನ್ನೊಂದು ತುದಿ ಹಿಡಿದೆ.