ಜಾತ್ರೆಯ ಜನ, ಜಲವರ್ಣದಲ್ಲಿ

ಜನಜಂಗುಳಿಯ ಚಿತ್ರದಲ್ಲಿ ಮೊದಲು ಕೆಡುವುದು ತಲೆಗಳ ಸಾಲು. ಶಿರಸಿ ಜಾತ್ರೆಯಲ್ಲಿ ಬಿಡಕಿಬೈಲಿನ ಸಮತಟ್ಟು ಜಾಗದಲ್ಲಿ ನಿಂತು ನೋಡಿ. ನಿಮ್ಮಷ್ಟೇ ಎತ್ತರದವರ ಕಣ್ಣೆಲ್ಲ, ಹತ್ತಿರದವರದಾಗಲಿ ದೂರದವರದಾಗಲಿ, ದಿಗಂತದ ಒಂದೇ ಗೆರೆಯ ಮೇಲಿರುತ್ತವೆ. ದೂರ ಗೊತ್ತಾಗುವುದು ಪಾದಗಳಿಂದ: ಹತ್ತಿರದವರ ಪಾದ ಕಾಗದದಲ್ಲಿ ಕೆಳಗೆ, ದೂರದವರದು ಮೇಲೆ. ಹಿಂದಿನವರ ತಲೆಯನ್ನು ಮೇಲೆ ಮೇಲೆ ಪೇರಿಸಿದರೆ ಜನ ಘಟ್ಟ ಹತ್ತುತ್ತಿರುವಂತೆ ಕಾಣುತ್ತದೆ. ನೆಲಕ್ಕೆ ಕೂತರೆ ಆ ಗೆರೆ ನಿಂತವರ ಸೊಂಟದ ಹತ್ತಿರಕ್ಕೆ ಇಳಿಯುತ್ತದೆ. ಅಂಗಡಿಯ ಮಾಳಿಗೆ ಹತ್ತಿದರೆ ಎಲ್ಲರ ತಲೆಗಿಂತ ಮೇಲೆ ಹೋಗುತ್ತದೆ. ದೂರದ ತಲೆ ಮೇಲೇರಬೇಕಾದದ್ದು ಆಗ ಮಾತ್ರ.

11×15 ಇಂಚಿನ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದ, 8ನೇ ನಂಬರಿನ ಗುಂಡು ಬ್ರಷ್ ಸಾಕು. ಕೆಂಗಂದು ಬಣ್ಣದ ಬರ್ನ್ಟ್ ಸಿಯೆನ್ನಾಕ್ಕೆ ಚೂರು ಅಲ್ಟ್ರಾಮರೀನ್ ನೀಲಿ ಸೇರಿಸಿ ತಲೆಗಳನ್ನು ಮೊದಲು ಇಡಿ. ದೇಹದ ಎಂಟನೇ ಒಂದು ಭಾಗ ಮೀರಬಾರದು. ತಲೆ ದೊಡ್ಡದಾದರೆ ದೊಡ್ಡವರೂ ಮಕ್ಕಳಾಗುತ್ತಾರೆ. ಆಮೇಲೆ ಐದಾರು ಜನರ ಮೈಯನ್ನು ನಡುವೆ ಒಣಗಲು ಬಿಡದೆ ಒಂದೇ ಹರವಿನಲ್ಲಿ, ಬಣ್ಣ ಬದಲಿಸುತ್ತ ಎಳೆಯಿರಿ. ಬಿಸಿಲು ಬೀಳುವ ಕಡೆಯ ನೆತ್ತಿ, ಹೆಗಲಲ್ಲಿ ಕಾಗದದ ಬಿಳಿ ಉಳಿಯಲಿ. ತಲೆಯ ಬಣ್ಣ ಹಸಿಯಿರುವಾಗಲೇ ಹೆಗಲು ತಾಗಿಸಿದರೆ ಎರಡೂ ಕಲಸಿಹೋಗುತ್ತವೆ. ಕಾರವಾರದ ಕಡಲಗಾಳಿಯಲ್ಲಿ ತೇವ ಹೆಚ್ಚು, ಅಲ್ಲಿ ಇನ್ನಷ್ಟು ಕಾಯಬೇಕು.

ಕಣ್ಣು, ಮೂಗು ಬೇಡವೇ ಬೇಡ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರ ನೋಡಿ: ಕೆಂಪು, ಸುಣ್ಣದ ಬಿಳಿ, ಎರಡರಲ್ಲೇ ಆಕೃತಿಗಳೆಲ್ಲ ಬೇರೆಬೇರೆಯಾಗಿ ನಿಲ್ಲುತ್ತವೆ. ಕಣ್ಣು ಕಿರಿದು ಮಾಡಿ ನೋಡಿದಾಗ ನಿಮ್ಮ ಗುಂಪೂ ಹಾಗೆ ಗಾಢ-ತಿಳಿಯ ಎರಡೇ ಛಾಯೆಯಲ್ಲಿ ನಿಲ್ಲಬೇಕು.

ಚಲನೆ ಬರುವುದು ಸಂದುಗಳಿಂದ. ಬಳೆ ಅಂಗಡಿಯೆದುರು ನಿಂತವರ ಸುತ್ತ ನಡೆಯುವವರು, ಬಂಡೆ ಬಳಸುವ ಹಳ್ಳದ ನೀರಿನಂತೆ, ಸೀಳಿ ಮತ್ತೆ ಕೂಡುತ್ತಾರೆ. ನಿಂತವರ ನಡುವೆ ಸಂದು ಕಿರಿದು. ನಡೆಯುವವರ ನಡುವಿನದು ಹೋಗುವ ದಿಕ್ಕಿಗೆ ಉದ್ದ. ಸಂದುಗಳು ಒಂದೇ ಅಳತೆಯಾದರೆ ಪರೇಡ್ ಆಗುತ್ತದೆ! ನಡೆಯುವವರಿಗೆ ಒಂದು ಕಾಲು ಗಿಡ್ಡ ಮಾಡಿ, ಪಾದ ಬಿಡಿಸದೆ ಮೊನಚಾಗಿ ಮುಗಿಸಿ. ತೇರಿನ ಹಗ್ಗ ಎಳೆಯುವವರ ತಲೆ ಪಾದಕ್ಕಿಂತ ಮುಂದಿರಲಿ, ನೋಡುವವರು ನೆಟ್ಟಗಿರಲಿ. ಈ ಓರೆಗೆ ಆ ನೇರ ಇಲ್ಲದಿದ್ದರೆ ಎಳೆತ ಕಾಣುವುದಿಲ್ಲ. ನೆರಳುಗಳನ್ನೆಲ್ಲ ಒಂದೇ ದಿಕ್ಕಿಗೆ, ಒಂದಕ್ಕೊಂದು ಕೂಡಿಸಿ ಎಳೆದರೆ ಗುಂಪು ನೆಲ ಹಿಡಿಯುತ್ತದೆ. ಹಗ್ಗವನ್ನು ಕೊನೆಗೆ ಎಳೆಯಿರಿ, ಅದೂ ಕೈಗಳ ನಡುವೆ ಅಲ್ಲಲ್ಲಿ ಕಂಡರೆ ಸಾಕು.